ಕಲಿಯುವ ಕೈ

ಮುಪ್ಪು ಬಂದದ್ದು ಮೊದಲು ತಿಳಿಯುವುದು ಮಂಡಿಗೆ, ಅನಂತರ ಕಣ್ಣಿಗೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕೈ ತಡೆತಡೆದು ಆಡತೊಡಗುತ್ತದೆ. ಪತ್ರಿಕೆ ಹಿಡಿದವರು ಕಿಟಕಿಯ ಬಳಿಗೆ ಸರಿಯುತ್ತಾರೆ, ಅಲ್ಲಿಂದ ಜಗಲಿಗೆ ಬರುತ್ತಾರೆ, ಕೊನೆಗೆ ‘ಈಗಿನ ಅಚ್ಚೇ ಸರಿಯಿಲ್ಲ’ ಎಂದು ಮಡಿಸಿ ಇಟ್ಟುಬಿಡುತ್ತಾರೆ. ರಾತ್ರಿ ಎದುರಿನಿಂದ ಬರುವ ಗಾಡಿಯ ದೀಪ ಹೂವಿನಂತೆ ಅರಳಿ ಕಣ್ಣು ಕೋರೈಸುತ್ತದೆ. ಹುಣ್ಣಿಮೆಯ ದಿನ ಒಬ್ಬ ಚಂದ್ರನಿರಬೇಕಾದಲ್ಲಿ ಇಬ್ಬರು ಮೂವರು ಕಾಣುತ್ತಾರೆ. ಕನ್ನಡಕದ ನಂಬರು ಎರಡು ಬಾರಿ ಬದಲಾದ ಮೇಲೆ ವೈದ್ಯರು, ‘ಪೊರೆ ಬಂದಿದೆ, ತೆಗೆಸಿಬಿಡುವುದು ಒಳ್ಳೆಯದು’ ಎನ್ನುತ್ತಾರೆ.

ಆಮೇಲೆ ಮನೆಯಲ್ಲಿ ಒಂದು ಸಣ್ಣ ಸಭೆ ಸೇರುತ್ತದೆ. ಯಾವ ಮಗ ರಜೆ ಹಾಕಬೇಕು, ಮೊಮ್ಮಗಳ ಪರೀಕ್ಷೆ ಮುಗಿಯುವುದು ಎಂದು, ಒಂದು ವಾರ ಒಲೆಯ ಮುಂದೆ ನಿಲ್ಲುವವರು ಯಾರು, ಎಂಬುದೆಲ್ಲ ತೀರ್ಮಾನವಾಗುತ್ತದೆ. ಅದುವರೆಗೆ ಸುಮ್ಮನೆ ಕುಳಿತಿದ್ದ ಹಿರಿಯರು ಆಗ ಮೆಲ್ಲನೆ ಕೇಳುತ್ತಾರೆ: ‘ಆಪರೇಷನ್ ಮಾಡುವವರು ಯಾರಪ್ಪ? ದೊಡ್ಡ ಡಾಕ್ಟರೇ ತಾನೆ?’

ಪ್ರಶ್ನೆ ಸಹಜವಾದದ್ದು. ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ನಂಬಿದ ನಾಡಿನಲ್ಲಿ ಕಣ್ಣನ್ನು ಕಂಡವರ ಕೈಗೆ ಒಪ್ಪಿಸುವುದು ಸುಲಭವಲ್ಲ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಾದರಂತೂ ಅನುಮಾನ ಇಮ್ಮಡಿಯಾಗುತ್ತದೆ. ಅಲ್ಲಿ ಬಿಳಿಯ ಕೋಟು ತೊಟ್ಟು ಓಡಾಡುವವರಲ್ಲಿ ಬಹುಮಂದಿ ಇನ್ನೂ ಕಲಿಯುತ್ತಿರುವವರು. ಮನೆಯ ಮೊಮ್ಮಕ್ಕಳಿಗಿಂತ ನಾಲ್ಕಾರು ವರ್ಷ ದೊಡ್ಡವರು, ಅಷ್ಟೆ. ‘ಇವರೇ ಏನಾದರೂ ಕತ್ತಿ ಹಿಡಿಯುತ್ತಾರೆಯೇ?’ ಎಂದು ಮನೆಯವರು ಕಳವಳಗೊಂಡರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಆದರೆ ಆ ಸಭೆಯಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯೂ ಉಂಟು. ದೊಡ್ಡ ಡಾಕ್ಟರು ದೊಡ್ಡವರಾದದ್ದು ಹೇಗೆ? ಇಂದು ಸಾವಿರಾರು ಕಣ್ಣುಗಳನ್ನು ಮುಗಿಸಿ ಹೆಸರು ಪಡೆದಿರುವ ಕೈಗೂ ಒಂದು ಮೊದಲ ಕಣ್ಣು ಇದ್ದಿರಲೇಬೇಕು. ಅದು ಯಾವುದೋ ಮನೆಯ ಅಜ್ಜಿಯದೋ ತಾತನದೋ ಕಣ್ಣು. ಆ ಹಿರಿಯ ಜೀವಕ್ಕೆ ಆ ದಿನ ತಾನು ಮೊದಲನೆಯದೆಂದು ತಿಳಿದಿತ್ತೇ? ತಿಳಿಯದಿದ್ದರೂ ಅದರ ಕಣ್ಣು ಕ್ಷೇಮವಾಗಿ ಉಳಿಯುವಂತೆ ಯಾರು ನೋಡಿಕೊಂಡರು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಕಣ್ಣಿನೊಳಗಿನ ಕೆಲಸವೇನೆಂಬುದನ್ನು ಅರಿಯಬೇಕು. ಪಾಪೆಯ ಹಿಂದೆ, ಅವರೆಕಾಳಿಗಿಂತ ದೊಡ್ಡದಲ್ಲದ ಒಂದು ಮಸೂರವಿದೆ. ಅಡ್ಡಳತೆ ಒಂಬತ್ತು ಹತ್ತು ಮಿಲಿಮೀಟರು, ದಪ್ಪ ನಾಲ್ಕೈದು. ಬಾಲ್ಯದಲ್ಲಿ ಅದು ನೀರಿನಂತೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಹಳದಿಯಾಗಿ, ಕಂದಾಗಿ, ಕೆಲವರಲ್ಲಿ ಹಾಲಿನಂತೆ ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ಇದೇ ಪೊರೆ. ಕಣ್ಣಿನ ಮೇಲೆ ಬೆಳೆದ ಪರದೆಯೊಂದನ್ನು ಹೆರೆದು ತೆಗೆಯುತ್ತಾರೆಂದು ಅನೇಕರು ತಿಳಿದಿರುವುದು ತಪ್ಪು. ಮಂಜಾಗಿರುವುದು ಮಸೂರವೇ, ತೆಗೆಯಬೇಕಾದದ್ದೂ ಅದನ್ನೇ. ಮಸೂರ ಒಂದು ಪಾರದರ್ಶಕ ಚೀಲದಲ್ಲಿ ಕುಳಿತಿದೆ. ವೈದ್ಯನು ಚೀಲದ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆದು, ಒಳಗಿನ ಗಟ್ಟಿ ತಿರುಳನ್ನು ಹೊರತಂದು, ಉಳಿದ ಮೆತ್ತನೆಯ ಎಳೆಗಳನ್ನು ಹೀರಿ ತೆಗೆದು, ಖಾಲಿಯಾದ ಅದೇ ಚೀಲದಲ್ಲಿ ಕೃತಕ ಮಸೂರವನ್ನು ಇಡಬೇಕು. ಚೀಲದ ಹಿಂಗೋಡೆ ಬಲು ತೆಳು. ಅದರ ಅತಿ ತೆಳುವಾದ ಭಾಗ ಒಂದು ಮಿಲಿಮೀಟರನ್ನು ಇನ್ನೂರೈವತ್ತು ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು. ಅದರ ಹಿಂದೆ ಲೋಳೆಯಂಥ ದ್ರವ ತುಂಬಿದೆ. ಗೋಡೆ ಹರಿದರೆ ಆ ಲೋಳೆ ಮುಂದಕ್ಕೆ ನುಗ್ಗುತ್ತದೆ. ಕಲಿಯುವ ಕೈಯ ಭಯವೆಲ್ಲ ಈ ಗೋಡೆಯದು.

ಗೋಡೆ ಹರಿದ ಮಾತ್ರಕ್ಕೆ ಕಣ್ಣು ಹೋಯಿತೆಂದಲ್ಲ. ಒಡನೆಯೇ ಗುರುತಿಸಿ, ನುಗ್ಗಿದ ಲೋಳೆಯನ್ನು ಶುಚಿಮಾಡಿ, ಮಸೂರವನ್ನು ಬೇರೊಂದು ಆಧಾರದ ಮೇಲೆ ನಿಲ್ಲಿಸಿದರೆ ಬಹುಮಂದಿಗೆ ಒಳ್ಳೆಯ ದೃಷ್ಟಿಯೇ ಬರುತ್ತದೆ. ಆದರೆ ಮುಂದೆ ಸೋಂಕು ತಗಲುವ, ಕಣ್ಣಿನ ಹಿಂದಿನ ಅಕ್ಷಿಪಟಲ ಕಳಚುವ ಅಪಾಯಗಳು ಹೆಚ್ಚುತ್ತವೆ. ಆದ್ದರಿಂದಲೇ ನೇತ್ರವೈದ್ಯರು ತಮ್ಮ ಕೈಯ ಗುಣವನ್ನು ಅಳೆಯುವಾಗ ನೂರು ಕಣ್ಣುಗಳಲ್ಲಿ ಎಷ್ಟರ ಚೀಲ ಹರಿಯಿತೆಂಬುದನ್ನು ಮೊದಲು ಲೆಕ್ಕ ಹಾಕುತ್ತಾರೆ.

ಕಲಿಯುವವನ ಕೈಯನ್ನು ಮೊದಲು ನಿರ್ಜೀವ ವಸ್ತುವಿನ ಮೇಲೆ ಪಳಗಿಸಬೇಕೆಂಬ ವಿವೇಕ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಿಷ್ಯನ ಅಭ್ಯಾಸಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆಯ ದಂಟಿನ ಮೇಲೆ, ಹೊಲಿಯುವುದನ್ನು ಬಟ್ಟೆಯ ಮೇಲೆ, ಕಟ್ಟು ಕಟ್ಟುವುದನ್ನು ಬೊಂಬೆಯ ಮೇಲೆ ಕಲಿಯಬೇಕೆಂದು ಅದು ವಿಧಿಸುತ್ತದೆ. ಎಷ್ಟೇ ಶಾಸ್ತ್ರ ಓದಿದ್ದರೂ ಇಂಥ ಅಭ್ಯಾಸ ಮಾಡದವನು ಕರ್ಮಕ್ಕೆ ಅಯೋಗ್ಯನೆಂಬುದು ಅಲ್ಲಿನ ತೀರ್ಪು. ಅದೇ ಗ್ರಂಥ ಮಂಜಾದ ಮಸೂರವನ್ನು ಶಲಾಕೆಯಿಂದ ಪಾಪೆಯ ಎದುರಿನಿಂದ ಸರಿಸುವ ವಿಧಾನವನ್ನೂ ವರ್ಣಿಸುತ್ತದೆ. ಈ ವಿಧಾನ ಪ್ರಪಂಚದ ಅನೇಕ ಕಡೆ ಶತಮಾನಗಳ ಕಾಲ ನಡೆಯಿತು.

ಆದರೆ ಅಭ್ಯಾಸವಿಲ್ಲದವರೂ, ತಮ್ಮ ಕೆಲಸದ ಫಲ ಏನಾಯಿತೆಂದು ನೋಡಲು ನಿಲ್ಲದವರೂ ಅದೇ ಶಲಾಕೆಯನ್ನು ಹಿಡಿದರು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಣ್ಣುವೈದ್ಯನು ಸಾರೋಟಿನಲ್ಲಿ ಊರಿಂದೂರಿಗೆ ಸುತ್ತಿ, ಡಂಗುರ ಹೊಡೆಸಿದಂತೆ ಪ್ರಚಾರ ಮಾಡಿಕೊಂಡು ಪೊರೆ ಸರಿಸುತ್ತಿದ್ದ. 1750ರ ವಸಂತದಲ್ಲಿ ಲೈಪ್‌ಜಿಗ್ ನಗರದಲ್ಲಿ ಅವನು ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಕ್ ಅವರ ಕಣ್ಣುಗಳಿಗೆ ಎರಡು ಬಾರಿ ಶಸ್ತ್ರಕ್ರಿಯೆ ಮಾಡಿದ. ಬಾಕ್ ಅವರ ದೃಷ್ಟಿ ಪೂರ್ತಿಯಾಗಿ ಹೋಯಿತು, ದೇಹವೂ ಕುಗ್ಗಿತು, ಅದೇ ವರ್ಷದ ಜುಲೈ 28ರಂದು ಅವರು ತೀರಿಕೊಂಡರು. ಟೇಲರ್ ಕಲಿಯುವ ಹುಡುಗನಲ್ಲ. ಅರಸರ ಕಣ್ಣುವೈದ್ಯನೆಂಬ ಬಿರುದು ಹೊತ್ತವನು. ದೊಡ್ಡ ಹೆಸರೇ ಕ್ಷೇಮದ ಖಾತರಿಯೆಂದು ನಂಬುವವರು ಈ ಕಥೆಯನ್ನು ಒಮ್ಮೆ ನೆನೆಯಬಹುದು. ಅವನಲ್ಲಿ ಕೊರತೆಯಿದ್ದದ್ದು ಹೆಸರಿಗಲ್ಲ, ಲೆಕ್ಕಕ್ಕೆ. ಕಟ್ಟು ಬಿಚ್ಚುವ ಹೊತ್ತಿಗೆ ಸಾರೋಟು ಮುಂದಿನ ಊರು ಸೇರಿರುತ್ತಿತ್ತು.

ಮಸೂರವನ್ನು ಬರಿದೆ ಸರಿಸದೆ ಹೊರತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಆರಂಭಿಸಿದರು. ಆದರೂ ಮುಂದಿನ ಇನ್ನೂರು ವರ್ಷ, ಪೊರೆ ತೆಗೆಸಿಕೊಂಡವರು ದಪ್ಪನೆಯ ಸೋಡಾಬುಡ್ಡಿ ಕನ್ನಡಕದ ಹಿಂದೆಯೇ ಬಾಳಬೇಕಾಯಿತು. ಆ ಬಾಳು ಬದಲಾದದ್ದರ ಹಿಂದೆ ಕಲಿಯುವವನೊಬ್ಬನ ಮಾತು ಇತ್ತೆಂಬುದು ಇಲ್ಲಿ ಹೇಳಬೇಕಾದ ಸಂಗತಿ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅವರು ಪೊರೆ ತೆಗೆಯುವುದನ್ನು ನೋಡುತ್ತ ನಿಂತಿದ್ದ ವಿದ್ಯಾರ್ಥಿಯೊಬ್ಬ, ತೆಗೆದ ಮಸೂರದ ಜಾಗದಲ್ಲಿ ಬೇರೊಂದನ್ನು ಇಡುವುದಿಲ್ಲವೇಕೆ ಎಂದು ಕೇಳಿದನಂತೆ. ಯುದ್ಧಕಾಲದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ಹೊಕ್ಕಿದ್ದರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ರಿಡ್ಲಿ ಕಂಡಿದ್ದರು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಮಸೂರವನ್ನು ಮೊದಲ ಬಾರಿಗೆ ಮನುಷ್ಯನ ಕಣ್ಣಿನಲ್ಲಿಟ್ಟರು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಕಲಿಯುವವನು ಇರುವುದು ಕಲಿಸುವವರಿಗೂ ಒಮ್ಮೊಮ್ಮೆ ಬೆಳಕಾಗುತ್ತದೆ.

ಇಷ್ಟಾಗಿಯೂ ಮನೆಯ ಹಿರಿಯರ ಪ್ರಶ್ನೆ ಅಲ್ಲಿಯೇ ನಿಂತಿದೆ. ಕಲಿಯುವ ಕೈಯಿಂದ ಅಪಾಯ ಹೆಚ್ಚೇ? ಇದಕ್ಕೆ ಸಮಾಧಾನದ ಮಾತಿಗಿಂತ ನಿಜವಾದ ಉತ್ತರ ಕೊಡುವುದೇ ಮರ್ಯಾದೆ. ಹೆಚ್ಚು, ನಿಸ್ಸಂಶಯವಾಗಿ ಹೆಚ್ಚು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ನಡೆದ 55,567 ಶಸ್ತ್ರಕ್ರಿಯೆಗಳ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಚೀಲ ಹರಿದದ್ದು ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಆದರೆ ತೀರ ಕಿರಿಯ ವೈದ್ಯರ ಕೈಯಲ್ಲಿ ಆ ಸಂಭವ ಹಿರಿಯರದಕ್ಕಿಂತ ಸುಮಾರು ಮೂರೂಮುಕ್ಕಾಲು ಪಟ್ಟು ಹೆಚ್ಚಿತ್ತು. ತರಬೇತಿಯಲ್ಲಿ ಮುಂದುವರಿದವರ ಕೈಯಲ್ಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು.

ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಲೆಕ್ಕ ಇನ್ನೂ ಬೋಧಪ್ರದವಾದದ್ದು. ಅಲ್ಲಿ ನಡೆದ 79,777 ಪೊರೆ ಶಸ್ತ್ರಕ್ರಿಯೆಗಳ ಫಲವನ್ನು, ಯಾವ ಬಗೆಯ ವೈದ್ಯ ಮಾಡಿದ್ದೆಂದು ವಿಂಗಡಿಸಿ, 2012ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಶಸ್ತ್ರಕ್ರಿಯೆಯ ನಡುವೆ ತೊಡಕು ಉಂಟಾದದ್ದು ಹಿರಿಯ ವೈದ್ಯರ ಕೈಯಲ್ಲಿ ನೂರಕ್ಕೆ 0.79; ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಯಲ್ಲಿ 2.06; ಹೊರಗಿನಿಂದ ಕಲಿಯಲು ಬಂದವರ ಕೈಯಲ್ಲಿ 5.02. ಅಂಕಿಗಳು ಇನ್ನೊಂದನ್ನೂ ಹೇಳುತ್ತವೆ. ಪೊರೆ ತೆಗೆಯಲು ಇಂದು ಎರಡು ಮುಖ್ಯ ಮಾರ್ಗಗಳಿವೆ. ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯದ ಮೂಲಕ ಯಂತ್ರದ ಸೂಜಿಯನ್ನು ತೂರಿಸಿ, ಕಿವಿಗೆ ಕೇಳಿಸದ ಶಬ್ದತರಂಗದಿಂದ ಮಸೂರವನ್ನು ಪುಡಿಮಾಡಿ ಹೀರುವುದು ಒಂದು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ತೋರಿಸಿದ ದಾರಿಯಿದು. ಆರೇಳು ಮಿಲಿಮೀಟರಿನ ಸುರಂಗದಂಥ ಗಾಯದಿಂದ, ಹೊಲಿಗೆಯ ಅಗತ್ಯವಿಲ್ಲದೆ, ಕೈಯಿಂದಲೇ ಮಸೂರವನ್ನು ಹೊರತರುವುದು ಇನ್ನೊಂದು. ಮಧುರೆಯಲ್ಲಿ ಕಲಿಯುವವರ ಕೈಯಲ್ಲಿ ಯಂತ್ರದ ಮಾರ್ಗದ ತೊಡಕು ನೂರಕ್ಕೆ 4.8 ಇದ್ದರೆ ಕೈಮಾರ್ಗದ್ದು 1.46 ಮಾತ್ರ. ಒಟ್ಟು ಲೆಕ್ಕದಲ್ಲಾದರೋ ಎರಡು ಮಾರ್ಗಗಳಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಹೊಸತೆಂದ ಮಾತ್ರಕ್ಕೆ ಒಂದು ಮಾರ್ಗ ಎಲ್ಲ ಕೈಗಳಿಗೂ ಕ್ಷೇಮಕರವಲ್ಲ. ಯಾವ ಕೈಗೆ ಯಾವುದನ್ನು ಯಾವಾಗ ಕೊಡಬೇಕೆಂಬುದು ಗುರುವಿನ ವಿವೇಕ.

ಆ ಅಂಕಿಗಳನ್ನು ಓದುವಾಗ ನೂರಕ್ಕೆ ಎರಡು ಎಂಬುದನ್ನು ಕಂಡು ಹೆದರುವವರಿದ್ದಾರೆ, ನೂರಕ್ಕೆ ತೊಂಬತ್ತೆಂಟು ಎಂಬುದನ್ನು ಕಂಡು ಮರೆತುಬಿಡುವವರೂ ಇದ್ದಾರೆ. ಎರಡೂ ಸಲ್ಲದು. ತೊಂಬತ್ತೆಂಟು ಕಣ್ಣುಗಳು ನಿರ್ವಿಘ್ನವಾಗಿ ನೆರವೇರಿದ್ದು ನಿಜ. ಉಳಿದ ಎರಡು ಕಣ್ಣುಗಳು ಇಬ್ಬರು ಮನುಷ್ಯರವು ಎಂಬುದೂ ಅಷ್ಟೇ ನಿಜ. ಜೊತೆಗೆ, ಕೊನೆಯಲ್ಲಿ ಸಿಗುವ ದೃಷ್ಟಿಯೆಲ್ಲ ಕತ್ತಿ ಹಿಡಿದ ಕೈಯದೇ ಫಲವಲ್ಲ. ಮಸೂರದ ಶಕ್ತಿಯನ್ನು ಮುಂಚೆ ಸರಿಯಾಗಿ ಅಳೆದರೇ, ಅಕ್ಷಿಪಟಲ ಸಕ್ಕರೆ ರೋಗದಿಂದ ಮೊದಲೇ ಕೆಟ್ಟಿತ್ತೇ, ಕಣ್ಣಿನ ಒತ್ತಡದ ಕಾಯಿಲೆಯಿತ್ತೇ, ಮನೆಯಲ್ಲಿ ಔಷಧದ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿದರೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಲ್ಲರೂ ಅಂಜುವ ಸೋಂಕೂ ಕೈಯ ಕಸುಬಿಗಿಂತ ಹೆಚ್ಚಾಗಿ ಔಷಧ, ಉಪಕರಣ ಮತ್ತು ಶುಚಿತ್ವಗಳನ್ನು ಅವಲಂಬಿಸಿದೆ. ಅರವಿಂದ ಸಂಸ್ಥೆಯಲ್ಲಿಯೇ ಆರು ಲಕ್ಷ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸಿದಾಗ, ಕೊನೆಯಲ್ಲಿ ಕಣ್ಣಿನೊಳಕ್ಕೆ ಒಂದಿಷ್ಟು ಸೋಂಕುನಿವಾರಕ ಔಷಧ ಬಿಡುವುದರಿಂದ ಸೋಂಕು ನೂರಕ್ಕೆ 0.07ರಿಂದ 0.02ಕ್ಕೆ ಇಳಿದದ್ದು ಕಂಡುಬಂದಿತು.

ಕಲಿಯುವ ಕೈಯ ಅಪಾಯ ಹಣೆಯಬರಹವಲ್ಲ, ಇಳಿಸಬಹುದಾದದ್ದು. ಇದೇ ಈ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಮಾತು. ಸುಶ್ರುತನ ಕುಂಬಳಕಾಯಿಯ ಸ್ಥಾನದಲ್ಲಿ ಇಂದು ಭಾರತದ ಅನೇಕ ಆಸ್ಪತ್ರೆಗಳಲ್ಲಿ ಮೇಕೆಯ ಕಣ್ಣು ಇದೆ. ಕಟುಕರ ಅಂಗಡಿಯಿಂದ ತಂದ ಕಣ್ಣನ್ನು ಅಚ್ಚಿನಲ್ಲಿ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ಗಾಯ ಮಾಡುವುದನ್ನೂ ಹೊಲಿಗೆ ಹಾಕುವುದನ್ನೂ ಶಿಷ್ಯರು ಅಭ್ಯಾಸ ಮಾಡುತ್ತಾರೆ. ಅದಕ್ಕಿಂತ ಮುಂದೆ ಹೋಗಿ, ಕಣ್ಣೇ ಇಲ್ಲದ ಕಣ್ಣನ್ನು ಕೊಯ್ಯುವ ಯಂತ್ರಗಳೂ ಬಂದಿವೆ. ಶಿಷ್ಯನು ಬೊಂಬೆಯ ಮುಖದೊಳಕ್ಕೆ ಉಪಕರಣ ಇಳಿಸುತ್ತಾನೆ. ಗಣಕಯಂತ್ರ ಅವನಿಗೆ ಒಂದು ಕಣ್ಣನ್ನು ತೋರಿಸುತ್ತದೆ. ಕೈ ನಡುಗಿದರೆ, ಚೀಲ ತಗಲಿದರೆ ಅಂಕ ಕಳೆಯುತ್ತದೆ. ಇಲ್ಲಿ ನೂರು ಬಾರಿ ತಪ್ಪಿದರೂ ಯಾರಿಗೂ ನೋವಿಲ್ಲ. ಇದು ಬರಿಯ ಆಟಿಕೆಯಲ್ಲವೆಂಬುದಕ್ಕೆ ಪುರಾವೆಯುಂಟು. ಬ್ರಿಟನ್ನಿನಲ್ಲಿ ಮೊದಲ ಎರಡು ವರ್ಷದ 265 ಶಿಷ್ಯವೈದ್ಯರು ಮಾಡಿದ 17,831 ಶಸ್ತ್ರಕ್ರಿಯೆಗಳನ್ನು ಲೆಕ್ಕ ಹಾಕಿದಾಗ, ಇಂಥ ಯಂತ್ರಗಳ ಬಳಕೆ ಹರಡಿದ ಕಾಲದಲ್ಲಿ, ಚೀಲ ಹರಿಯುವ ಪ್ರಮಾಣ 2009ರಲ್ಲಿದ್ದ ನೂರಕ್ಕೆ 4.2ರಿಂದ 2015ಕ್ಕೆ 2.6ಕ್ಕೆ ಇಳಿದಿತ್ತು.

ಇನ್ನೂ ಬಲವಾದ ಸಾಕ್ಷ್ಯ ಆಫ್ರಿಕಾ ಖಂಡದಿಂದ ಬಂದಿದೆ. ಅಲ್ಲಿ ಕಲಿಯುತ್ತಿದ್ದ ಐವತ್ತು ಮಂದಿ ವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಕೃತಕ ಕಣ್ಣುಗಳ ಮೇಲೆ ಕೈಮಾರ್ಗದ ತೀವ್ರ ಅಭ್ಯಾಸ ಕೊಟ್ಟರು. ಇನ್ನೊಂದು ಗುಂಪು ವಾಡಿಕೆಯಂತೆ ಮುಂದುವರಿಯಿತು. 2021ರಲ್ಲಿ ಪ್ರಕಟವಾದ ಫಲವಿದು: ಮುಂದಿನ ಒಂದು ವರ್ಷದಲ್ಲಿ ಅಭ್ಯಾಸ ಪಡೆದವರ ಕೈಯಲ್ಲಿ ಚೀಲ ಹರಿದದ್ದು ನೂರಕ್ಕೆ 7.8, ಪಡೆಯದವರ ಕೈಯಲ್ಲಿ 26.6. ಎರಡು ಗುಂಪಿನಲ್ಲಿದ್ದವರೂ ಒಂದೇ ಬಗೆಯ ಯುವಕ ಯುವತಿಯರು, ಒಂದೇ ಓದು ಓದಿದವರು. ನಡುವೆ ಇದ್ದದ್ದು ಕೆಲವೇ ದಿನಗಳ ತರಬೇತಿ. ಕಲಿಯುವವರಿಗೆ ಕೊಡದೆ ಉಳಿಸಿದ ಆ ಕೆಲವು ದಿನಗಳ ಬೆಲೆಯನ್ನು ರೋಗಿಗಳು ತಮ್ಮ ಕಣ್ಣಿನಿಂದ ತೆತ್ತರೆಂದು ಹೇಳಬೇಕಾಗುತ್ತದೆ.

ಬೊಂಬೆಯನ್ನು ದಾಟಿ ಶಿಷ್ಯ ಮನುಷ್ಯನ ಕಣ್ಣಿಗೆ ಬಂದಾಗಲೂ ಒಳ್ಳೆಯ ಗುರು ಅವನಿಗೆ ಇಡೀ ಕಣ್ಣನ್ನು ಒಮ್ಮೆಗೇ ಒಪ್ಪಿಸುವುದಿಲ್ಲ. ಶಸ್ತ್ರಕ್ರಿಯೆಯನ್ನು ಹತ್ತು ಹನ್ನೆರಡು ಹೆಜ್ಜೆಗಳಾಗಿ ಬಿಡಿಸಿ, ಸುಲಭವಾದ ಒಂದು ಹೆಜ್ಜೆಯನ್ನು ಮಾತ್ರ ಮೊದಲು ಕೊಡುತ್ತಾರೆ. ಅದು ಕೈವಶವಾದ ಮೇಲೆ ಇನ್ನೊಂದು. ಚೀಲದ ಬಾಯಿ ತೆರೆಯುವಂಥ ನಾಜೂಕಿನ ಹೆಜ್ಜೆ ಬರುವುದು ಬಹಳ ತಡವಾಗಿ. ಕಣ್ಣುಗಳನ್ನೂ ಆರಿಸಿ ಕೊಡುತ್ತಾರೆ. ಒಂದೇ ಕಣ್ಣು ಉಳಿದಿರುವವರು, ಪಾಪೆ ಹಿಗ್ಗದವರು, ಕಲ್ಲಿನಂತೆ ಗಟ್ಟಿಯಾದ ಕಂದು ಪೊರೆಯವರು, ಅಲುಗದೆ ಮಲಗಲಾರದವರು, ಇಂಥವರ ಕಣ್ಣು ಹೊಸ ಕೈಗೆ ಸಲ್ಲದು. ಸೂಕ್ಷ್ಮದರ್ಶಕಕ್ಕೆ ನೋಡುವ ಕೊಳವೆಗಳು ಎರಡು ಜೊತೆ. ಒಂದರಲ್ಲಿ ಶಿಷ್ಯನ ಕಣ್ಣು, ಇನ್ನೊಂದರಲ್ಲಿ ಗುರುವಿನ ಕಣ್ಣು. ಶಿಷ್ಯನ ಕೈ ಎಲ್ಲಿ ತಪ್ಪುವುದೆಂದು ಅದು ತಪ್ಪುವ ಮೊದಲೇ ಅರಿತು, ಆ ಕ್ಷಣದಲ್ಲಿ ಉಪಕರಣವನ್ನು ತಮ್ಮ ಕೈಗೆ ತೆಗೆದುಕೊಳ್ಳುವುದು ಗುರುವಿನ ವಿದ್ಯೆ. ಬೇಗ ತೆಗೆದುಕೊಂಡರೆ ಶಿಷ್ಯ ಕಲಿಯಲಾರ; ತಡವಾದರೆ ರೋಗಿ ಕ್ಷಮಿಸಲಾರ.

ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೊರೆ ತೆಗೆಯುವಾಗ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಇರುವುದಿಲ್ಲ. ಕಣ್ಣು ಮಾತ್ರ ಮರಗಟ್ಟಿರುತ್ತದೆ, ಕಿವಿ ಎಚ್ಚರವಾಗಿರುತ್ತದೆ. ಹಸಿರು ಬಟ್ಟೆಯ ಕೆಳಗೆ ಮಲಗಿದ ಅಜ್ಜಿಗೆ ‘ಹಾಗಲ್ಲ, ಹೀಗೆ’ ಎಂಬ ಮಾತು ಕೇಳಿದರೆ ಅವರ ಎದೆ ಏನಾದೀತು! ಆದ್ದರಿಂದ ಒಳ್ಳೆಯ ಗುರುಗಳು ಅಲ್ಲಿ ಗದರುವುದಿಲ್ಲ. ಮೆಲುದನಿಯಲ್ಲಿ, ಪೂರ್ವನಿಶ್ಚಿತವಾದ ನಾಲ್ಕಾರು ಮಾತುಗಳಲ್ಲಿ, ಕೈಸನ್ನೆಯಲ್ಲಿ ಕಲಿಸುತ್ತಾರೆ. ಬೈಗುಳವಿಲ್ಲದ ಗುರುಕುಲವೊಂದಿದ್ದರೆ ಅದು ಬಹುಶಃ ಕಣ್ಣಿನ ಶಸ್ತ್ರಕ್ರಿಯೆಯ ಕೋಣೆಯೇ ಇರಬೇಕು.

ಹೀಗೆ ಕಲಿಸಲು ಸಮಯ ಬೇಕು, ಸಂಖ್ಯೆಯೂ ಬೇಕು. ಅಮೆರಿಕದಲ್ಲಿ ನೇತ್ರಶಿಕ್ಷಣ ಮುಗಿಸುವವನು ತಾನೇ ಮುಖ್ಯ ಶಸ್ತ್ರಜ್ಞನಾಗಿ ಕನಿಷ್ಠ 86 ಪೊರೆಗಳನ್ನು ತೆಗೆದಿರಬೇಕೆಂಬ ನಿಯಮವಿದೆ. ಭಾರತದಲ್ಲಿ ಅನುಭವ ಕಾಲೇಜಿನಿಂದ ಕಾಲೇಜಿಗೆ ಬೇರೆ. ಒಂದೆಡೆ ಶಿಷ್ಯನು ನೂರಾರು ಕಣ್ಣುಗಳನ್ನು ಮುಗಿಸಿ ಹೊರಬಂದರೆ, ಇನ್ನೊಂದೆಡೆ ಪದವಿ ಕೈಯಲ್ಲಿದ್ದರೂ ಕತ್ತಿ ಹಿಡಿದ ಅನುಭವ ಬೆರಳೆಣಿಕೆಯಷ್ಟು. ಈ ಎರಡನೆಯವನು ಪದವಿ ಪಡೆದ ಮರುದಿನವೇ ‘ಕಲಿಯುವವನು’ ಎಂಬ ಹೆಸರನ್ನು ಕಳೆದುಕೊಂಡು ‘ಡಾಕ್ಟರು’ ಆಗುತ್ತಾನೆ. ಪಕ್ಕದಲ್ಲಿ ಗುರುವಿಲ್ಲದೆ ಕಲಿಯುವುದು ಅವನಿಗೆ ಆಗ ಮೊದಲಾಗುತ್ತದೆ. ಮನೆಯವರು ಅಂಜಬೇಕಾದದ್ದು ಗುರುವಿನ ಕಣ್ಣೆದುರು ಕಲಿಯುವವನಿಗಲ್ಲ. ಗುರುವಿನ ಕಣ್ಣು ತಪ್ಪಿದ ಮೇಲೆ ಕಲಿಯುವವನಿಗೆ.

‘ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಎಂಬ ಗಾದೆ ಕನ್ನಡದಲ್ಲಿದೆ. ಬಹಳಷ್ಟು ಕಸುಬುಗಳಿಗೆ ಅದು ಒಪ್ಪುತ್ತದೆ. ಕಣ್ಣಿಗೆ ಒಪ್ಪುವುದಿಲ್ಲ. ಪ್ರತಿಯೊಂದು ಕಣ್ಣೂ ಹೊಸತು. ಹತ್ತು ಸಾವಿರ ಮುಗಿಸಿದವರ ಕೈಯಲ್ಲಿಯೂ ಚೀಲ ಹರಿಯುವುದುಂಟು. ಅರವಿಂದ ಕಣ್ಣಾಸ್ಪತ್ರೆಯನ್ನು ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರ ಬಾಳು ಈ ಮಾತಿಗೆ ನಿದರ್ಶನ. ಪ್ರಸೂತಿ ವೈದ್ಯರಾಗಬೇಕೆಂದಿದ್ದ ಅವರನ್ನು ಮೂವತ್ತರ ಸುಮಾರಿಗೆ ಕೀಲುವಾತ ಹಿಡಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು. ಅಂಥ ಬೆರಳುಗಳಿಂದ ಅವರು ನೇತ್ರವೈದ್ಯವನ್ನು ಆರಿಸಿಕೊಂಡು, ಕತ್ತಿ ಹಿಡಿಯುವುದನ್ನು ಮೊದಲಿನಿಂದ ಕಲಿತು, ತಮ್ಮ ಜೀವಮಾನದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಕಣ್ಣುಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಹನ್ನೊಂದು ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಅದು ಇಂದು ದೇಶವಿದೇಶಗಳ ನೇತ್ರವೈದ್ಯರು ಕಲಿಯಲು ಬರುವ ಸ್ಥಳ. ಸೊಟ್ಟ ಬೆರಳು ಕಲಿಯಬಲ್ಲದಾದರೆ, ನೆಟ್ಟಗಿರುವ ಬೆರಳಿಗೆ ಕಲಿಸದಿರುವುದು ಕಲಿಸುವವರ ದೋಷ.

ಇಲ್ಲಿಗೆ ಮಾತು ಮುಗಿದರೆ ಎಲ್ಲರಿಗೂ ಸಮಾಧಾನ. ಆದರೆ ಒಂದು ಮುಳ್ಳು ಉಳಿದಿದೆ. ಕಲಿಯುವ ಕೈಗೆ ದೊರೆಯುವ ಕಣ್ಣು ಯಾರದು? ಭಾರತದಲ್ಲಿ ಬಹುಮಟ್ಟಿಗೆ ಅದು ಉಚಿತ ವಾರ್ಡಿನ ಬಡವರದು. ಹಿಂದೆ ಡಾ. ಎಂ. ಸಿ. ಮೋದಿಯವರು ಕರ್ನಾಟಕದ ಊರೂರು ಸುತ್ತಿ, ಶಿಬಿರಗಳಲ್ಲಿ ಸಾಲುಸಾಲಾಗಿ ಪೊರೆ ತೆಗೆದು, ಜನರಿಂದ ‘ಕಣ್ಣು ಕೊಟ್ಟ ಅಣ್ಣ’ ಎನಿಸಿಕೊಂಡರು. ಆಸ್ಪತ್ರೆಯ ಬಾಗಿಲು ಕಾಣದವರಿಗೆ ಆ ಶಿಬಿರಗಳೇ ಗತಿಯಾಗಿದ್ದವು. ಇಂದು ಶಿಬಿರದಲ್ಲಿ ಕಣ್ಣು ಪರೀಕ್ಷೆ ಮಾತ್ರ ನಡೆದು, ಶಸ್ತ್ರಕ್ರಿಯೆ ಆಸ್ಪತ್ರೆಯಲ್ಲಿ ನಡೆಯುವುದು ವಾಡಿಕೆ. ಹಳ್ಳಿಯಿಂದ ಬಸ್ಸಿನಲ್ಲಿ ಕರೆತಂದವರು ಊಟ, ಹಾಸಿಗೆ, ಮಸೂರ ಎಲ್ಲವನ್ನೂ ಕಾಸಿಲ್ಲದೆ ಪಡೆಯುತ್ತಾರೆ. ಅವರಲ್ಲಿ ಯಾರೂ ‘ಮಾಡುವವರು ಯಾರು?’ ಎಂದು ಕೇಳುವುದಿಲ್ಲ. ಕೇಳುವ ಧೈರ್ಯವಿಲ್ಲ, ಕೇಳಬಹುದೆಂದು ಅವರಿಗೆ ಯಾರೂ ಹೇಳಿಲ್ಲ. ಪೇಟೆಯ ಕುಟುಂಬ ಮೂರು ಆಸ್ಪತ್ರೆ ಸುತ್ತಿ, ಪರಿಚಯದವರಿಂದ ಹೇಳಿಸಿ, ಹಣ ತೆತ್ತು ದೊಡ್ಡ ಡಾಕ್ಟರ ಕೈಯನ್ನೇ ಪಡೆಯುತ್ತದೆ. ಆ ಕೈಯ ಹದವೋ, ಹೆಸರು ಕೇಳದ ಯಾರ ಯಾರದೋ ಕಣ್ಣುಗಳು ಕೊಟ್ಟದ್ದು. ತಾವು ನೀರೆರೆಯದ ಮರದ ಹಣ್ಣನ್ನು ತಿನ್ನುವವರು ಆ ಮರದ ಬುಡದಲ್ಲಿ ಯಾರ ಬೆವರು ಬಿತ್ತೆಂದು ಒಮ್ಮೆಯಾದರೂ ನೋಡಬೇಕು.

ಕಲಿಕೆಯನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ದೇಶದಲ್ಲಿ 2015ರಿಂದ 2019ರವರೆಗೆ ನಡೆದ ಸಮೀಕ್ಷೆಯಲ್ಲಿ, ಐವತ್ತು ದಾಟಿದ ಕುರುಡರಲ್ಲಿ ನೂರಕ್ಕೆ 66.2 ಮಂದಿಯ ಕುರುಡಿಗೆ ಪೊರೆಯೇ ಕಾರಣವೆಂದು ಕಂಡುಬಂದಿತು. ಒಂದು ಚಿಕ್ಕ ಶಸ್ತ್ರಕ್ರಿಯೆಯಿಂದ ಹೋಗಬಹುದಾದ ಕುರುಡು ಅದು. ಕಲಿಯುವವರಿಗೆ ಕಣ್ಣು ಕೊಡದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಪೊರೆ ತೆಗೆಯುವವರೇ ಇರುವುದಿಲ್ಲ. ಬೇಕಾದದ್ದು ಬಡವನ ಕಣ್ಣಿಗೂ ಬಲ್ಲಿದನ ಕಣ್ಣಿಗೂ ಒಂದೇ ಕಾವಲು. ಬೊಂಬೆಯ ಮೇಲೆ ಪಳಗದ ಕೈ ಯಾರ ಕಣ್ಣನ್ನೂ ಮುಟ್ಟಬಾರದು. ಗುರುವಿಲ್ಲದೆ ಶಿಷ್ಯ ಕತ್ತಿ ಎತ್ತಬಾರದು. ಯಾರ ಕೈಯಲ್ಲಿ ಏನಾಯಿತೆಂಬ ಲೆಕ್ಕ ಆಸ್ಪತ್ರೆಯಲ್ಲಿ ಇರಬೇಕು. ಕಲಿಯುತ್ತಿರುವ ವೈದ್ಯರು ಭಾಗವಹಿಸುತ್ತಾರೆ, ಹಿರಿಯರು ಪಕ್ಕದಲ್ಲಿರುತ್ತಾರೆ ಎಂಬುದನ್ನು ರೋಗಿಯ ಭಾಷೆಯಲ್ಲಿ, ಹೆಬ್ಬೆಟ್ಟು ಒತ್ತಿಸುವ ಮೊದಲೇ ಹೇಳಬೇಕು. ಬೇಡವೆಂದರೆ ಅದಕ್ಕಾಗಿ ಮುಖ ಗಂಟಿಕ್ಕಬಾರದು. ಹೀಗೆ ನೆಟ್ಟಗೆ ಹೇಳಿದರೆ ಎಲ್ಲರೂ ನಿರಾಕರಿಸುತ್ತಾರೆಂಬ ಭಯ ಬೇಡ. ಮಕ್ಕಳನ್ನು ಓದಿಸಿದ ಜನ ಕಲಿಯುವವರ ಕಷ್ಟವನ್ನು ಅರಿಯದವರಲ್ಲ.

ಮನೆಯ ಸಭೆಯಲ್ಲಿಯೂ ಪ್ರಶ್ನೆಯನ್ನು ತುಸು ತಿದ್ದಿಕೊಳ್ಳಬಹುದು. ‘ಮಾಡುವವರು ದೊಡ್ಡವರೇ?’ ಎಂದು ಕೇಳಿ ನಿಲ್ಲಿಸದೆ, ‘ಕಿರಿಯರು ಮಾಡಿದರೆ ಪಕ್ಕದಲ್ಲಿ ಯಾರಿರುತ್ತಾರೆ? ಈ ಕಣ್ಣು ಸುಲಭದ್ದೇ, ಕಷ್ಟದ್ದೇ? ತೊಡಕಾದರೆ ಇಲ್ಲಿಯೇ ಸರಿಪಡಿಸುವವರಿದ್ದಾರೆಯೇ? ನೂರಕ್ಕೆ ಎಷ್ಟು ಮಂದಿಗೆ ತೊಡಕಾಗುತ್ತದೆ?’ ಎಂದು ಕೇಳುವುದು ರೋಗಿಯ ಹಕ್ಕು. ಲೆಕ್ಕವಿಡುವ ಆಸ್ಪತ್ರೆ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಸಿಡುಕುವ ಆಸ್ಪತ್ರೆಯಲ್ಲಿ ಎಷ್ಟೇ ದೊಡ್ಡ ಡಾಕ್ಟರಿದ್ದರೂ ಎರಡು ಬಾರಿ ಯೋಚಿಸುವುದು ಲೇಸು.

ಶಸ್ತ್ರಕ್ರಿಯೆಯ ಮರುದಿನ ಬೆಳಗ್ಗೆ ವಾರ್ಡಿನಲ್ಲಿ ಪಟ್ಟಿ ಬಿಚ್ಚುವ ಹೊತ್ತು ಬರುತ್ತದೆ. ಮುದುಕರು ಸಾಲಾಗಿ ಕುಳಿತಿರುತ್ತಾರೆ. ದೂರದಲ್ಲಿ ಅಕ್ಷರಗಳ ಹಲಗೆ. ಅದನ್ನು ಓದುವವರಷ್ಟೇ ಆತಂಕದಿಂದ ಅಲ್ಲಿ ಇನ್ನೊಬ್ಬರು ನಿಂತಿರುತ್ತಾರೆ, ಹಿಂದಿನ ದಿನ ಆ ಕಣ್ಣನ್ನು ಮುಟ್ಟಿದ ಕಿರಿಯ ವೈದ್ಯರು. ರಾತ್ರಿ ಅವರೂ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಆ ನಿದ್ದೆಗೇಡು ಇರುವವರೆಗೆ, ಅದನ್ನು ತಿಳಿದು ಬೆನ್ನ ಹಿಂದೆ ನಿಲ್ಲುವ ಹಿರಿಯರೊಬ್ಬರು ಇರುವವರೆಗೆ, ಕಲಿಯುವ ಕೈಗೆ ಕಣ್ಣನ್ನು ಒಪ್ಪಿಸಬಹುದು.